ಕೆಂಪು ಚೀಟಿ ಅಂಟಿಸಿದ ಮನೆ ಮಾರಾಟಕ್ಕಿದೆ

ಮನೆ ಮಾರಾಟಕ್ಕಿದೆ ಎಂದು ಒಮ್ಮೆ ಹೇಳಿಬಿಟ್ಟರೆ ಸಾಕು. ಅದುವರೆಗೆ ತೆಪ್ಪಗಿದ್ದ ನಲ್ಲಿ, ಬಾಗಿಲು, ಬಂಧುಗಳು ಎಲ್ಲರೂ ಸರದಿಯಂತೆ ಕೈಕೊಡಲು ಆರಂಭಿಸುತ್ತಾರೆ.

ಕೊಲ್ಲಿ ನಾಡಿನ ಬಂದರು ಜೆಬೆಲ್ ಅಲಿಯ ಗೋದಾಮೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದೆ. ನಿವೃತ್ತಿಯಾಯಿತು. ವೀಸಾ ರದ್ದಾಯಿತು. ದೇಶ ಬಿಡಲು ಮೂವತ್ತು ದಿನಗಳ ಗಡುವು ಸಿಕ್ಕಿತು. ಅಷ್ಟರೊಳಗೆ ಸಿಲಿಕಾನ್ ಓಯಸಿಸ್‌ನ ಏಳನೆಯ ಮಹಡಿಯಲ್ಲಿದ್ದ ನಮ್ಮ ಫ್ಲ್ಯಾಟಿಗೆ ಗಿರಾಕಿ ಸಿಗಬೇಕಿತ್ತು. ಸಿಗದಿದ್ದರೆ ಪವರ್ ಆಫ್ ಅಟಾರ್ನಿ ಬರೆದು ಎಲ್ಲವನ್ನೂ ನನ್ನ ಪತ್ನಿಯ ತಮ್ಮನ ಕೈಗೆ ಒಪ್ಪಿಸಿ ಊರಿಗೆ ಹೊರಡಬೇಕು. ಈ ಭಾವಮೈದುನ ಒಮ್ಮೆ ಮಾಲ್‌ನಲ್ಲಿ ಕಾರು ನಿಲ್ಲಿಸಿದ ಜಾಗ ಮರೆತು ಟ್ಯಾಕ್ಸಿಯಲ್ಲಿ ಮನೆಗೆ ಬಂದವನು. ಕಾರು ಮೂರನೆಯ ದಿನ ಸಿಕ್ಕಿತು. ಗೋದಾಮಿನಲ್ಲಿ ತಲೆಯ ಮೇಲೆ ಕ್ರೇನ್ ತೂಗಾಡಿದಾಗಲೂ ನಾನು ಹೆದರಿದವನಲ್ಲ. ಆ ಕಾಗದಕ್ಕೆ ಸಹಿ ಹಾಕುವುದನ್ನು ನೆನೆದರೆ ನಿದ್ದೆ ಹತ್ತುತ್ತಿರಲಿಲ್ಲ.

ತಂದೆಯವರು

ಮನೆ ಮಾರಿಸಿಕೊಡಲು ಒಪ್ಪಿದ ಏಜೆಂಟ್ ಮಂಗಳೂರಿನ ಹುಡುಗಿ. ಬಂದವಳೇ ಹಾಲ್‌ನಲ್ಲಿ ನಿಂತು ಗೋಡೆಗಳನ್ನು ದಿಟ್ಟಿಸಿದಳು.

"ಅಂಕಲ್, ಫೋಟೋ ಎಲ್ಲ ತೆಗೀಬೇಕು. ನೋಡ್ಲಿಕ್ಕೆ ಬಂದವ್ರಿಗೆ ಇದು ಅವ್ರದ್ದೇ ಮನೆ ಅಂತ ಅನ್ನಿಸ್ಬೇಕು. ಈ ಬೋರ್ಡುಗಳೂ ಬೇಡ."

ಬೋರ್ಡುಗಳೆಂದರೆ ನಾನೇ ಬರೆದು ತೂಗುಹಾಕಿದ ಸೂಚನೆಗಳು. 'ಪಾದರಕ್ಷೆಗಳನ್ನು ಜೋಡಿಯಾಗಿ ಇಡತಕ್ಕದ್ದು' ಎಂಬುದರಿಂದ ಯಾರಿಗೆ ತೊಂದರೆ ಎಂದು ಕೇಳಿದೆ. ಅವಳು ನನ್ನ ಪತ್ನಿಯ ಮುಖ ನೋಡಿದಳು. ಪತ್ನಿ ಆಗಲೇ ಸ್ಟೂಲು ತಂದಿದ್ದಳು. ಎಂಟು ವರ್ಷಗಳಿಂದ ಈ ದಿನಕ್ಕಾಗಿಯೇ ಕಾದಿದ್ದಳೆಂದು ತೋರಿತು.

ಎಲ್ಲವನ್ನೂ ಮಲಗುವ ಕೋಣೆಯ ಕಪಾಟಿಗೆ ಸೇರಿಸಿದೆವು. ಹಾರ ಹಾಕಿದ್ದ ನನ್ನ ತಂದೆಯವರ ದೊಡ್ಡ ಫೋಟೋವನ್ನು ಅಡ್ಡ ಮಲಗಿಸಲು ಮನಸ್ಸೊಪ್ಪದೆ ನೇರವಾಗಿ ನಿಲ್ಲಿಸಿದೆ. ತಂದೆಯವರು ಶಾಲಾ ಮುಖ್ಯೋಪಾಧ್ಯಾಯರಾಗಿದ್ದರು. ಫೋಟೋದಲ್ಲಿಯೂ ಹಾಜರಿ ತೆಗೆದುಕೊಳ್ಳುವವರಂತೆಯೇ ಇದ್ದಾರೆ.

ಮೊದಲ ಗಿರಾಕಿಯಾಗಿ ಬಂದ ಮಹಿಳೆ ಕಪಾಟಿನ ಆಳ ನೋಡಲು ಸರಕ್ಕನೆ ಬಾಗಿಲು ತೆರೆದರು. ಕಿರುಚಿಕೊಂಡು ಮಂಚದ ಮೇಲೆ ಕುಳಿತುಬಿಟ್ಟರು. ಪತ್ನಿ ನೀರು ತಂದುಕೊಟ್ಟಳು. ಗಂಟಲು ಒದ್ದೆಯಾದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ:

"ಇವರು ಮನೆಯ ಜೊತೆಗೇ ಬರುತ್ತಾರಾ?"

ಕೆಂಪು ಚೀಟಿ

ಹತ್ತೊಂಬತ್ತು ದಿನಗಳು ಉಳಿದಿದ್ದವು. ಮರುದಿನ ರಿಪೇರಿಯವನು ಬರುವವನಿದ್ದ. ಅವನು ಒಂದನ್ನೂ ಬಿಡಬಾರದೆಂದು ಗೋದಾಮಿನ ಕ್ರಮದಂತೆ ಪ್ರತಿ ದೋಷದ ಮೇಲೂ ದುಂಡನೆಯ ಕೆಂಪು ಚೀಟಿ ಅಂಟಿಸುತ್ತ ಹೊರಟೆ. ತೊಟ್ಟಿಕ್ಕುವ ನಲ್ಲಿಗೆ ಒಂದು, ಕಿರುಗುಟ್ಟುವ ಬಾಗಿಲಿಗೆ ಒಂದು, ಬಿರುಕು ಬಿಟ್ಟ ಟೈಲ್ಸಿಗೆ ಎರಡು. ಮೂವತ್ತೇಳನೆಯದನ್ನು ಅಂಟಿಸುವಾಗ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದೆ. ಏಜೆಂಟ್ ಹುಡುಗಿ, ಅವಳ ಹಿಂದೆ ಸೂಟು ಧರಿಸಿದ ಗಿರಾಕಿ.

ಕೇಳಿದರೆ ಸುಳ್ಳು ಹೇಳುವುದು ನನ್ನಿಂದಾಗದು. ಆತ ಕೇಳಿಯೇಬಿಟ್ಟರು: "ಈ ಕೆಂಪು ಚೀಟಿಗಳು ಏನು?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ, "ವಾಸ್ತು ಸರ್," ಎಂದಳು.

ಆತ ಗೌರವದಿಂದ ತಲೆದೂಗಿ, ಒಂದೊಂದು ಚೀಟಿಯನ್ನೂ ಸುತ್ತುಬಳಸಿ ನಡೆಯುತ್ತ ಹಾಲ್‌ಗೆ ಬಂದರು. ಅಲ್ಲಿ ಸೋಫಾದ ಮೇಲೆ ನನ್ನ ಭಾವಮೈದುನ ಬಾಯಿ ತೆರೆದು ನಿದ್ರಿಸುತ್ತಿದ್ದ. ಅವನ ಹಣೆಯ ಮೇಲೂ ಒಂದು ಕೆಂಪು ಚೀಟಿ ಇತ್ತು.

ಅದನ್ನು ಅಂಟಿಸಿದವನು ನಾನಲ್ಲ. ಅಡುಗೆಮನೆಯ ಬಾಗಿಲಲ್ಲಿ ಪತ್ನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನ್ನ ಪಟ್ಟಿಯಲ್ಲಿ ಅದಕ್ಕೆ ಮೂವತ್ತೆಂಟನೆಯ ಕ್ರಮಾಂಕ ಕೊಟ್ಟೆ. ರಿಪೇರಿಯವನು ಮರುದಿನ ಬಂದು ಮೂವತ್ತೇಳನ್ನು ಸರಿಪಡಿಸಿದ.

ಬಖೂರ್

ಆರು ದಿನಗಳು ಉಳಿದವು. ಪವರ್ ಆಫ್ ಅಟಾರ್ನಿಯ ಕಾಗದ ಟೈಪಾಗಿ ಮೇಜಿನ ಮೇಲೆ ಬಂದು ಕುಳಿತಿತ್ತು. ನಾನು ಆ ಕಡೆ ನೋಡದೆ ಓಡಾಡುತ್ತಿದ್ದೆ.

ಅಂದು ಶುಕ್ರವಾರ. ಊಟಕ್ಕೆ ಬಂದಿದ್ದ ತಮ್ಮನಿಗಾಗಿ ಪತ್ನಿ ಬಂಗುಡೆ ಹುರಿಯುತ್ತಿದ್ದಳು. ಆಗ ಏಜೆಂಟ್ ಹುಡುಗಿಯ ಫೋನು: "ಅಂಕಲ್, ಇನ್ನು ಇಪ್ಪತ್ತು ನಿಮಿಷದಲ್ಲಿ ಒಂದು ಫ್ಯಾಮಿಲಿ ಬರ್ತದೆ. ಕಾಸರಗೋಡಿನವ್ರು. ಮನೆ ಪರಿಮಳ ಬರ್ಬೇಕು, ಆಯ್ತಾ?"

ಮನೆ ತುಂಬ ಬರಿಯ ಮೀನಿನ ವಾಸನೆ. ನಾನು ಕಂಗಾಲಾದೆ. ಭಾವಮೈದುನ ಮಾತ್ರ, "ಟೆನ್ಷನ್ ಯಾಕೆ ಭಾವ? ಬಖೂರ್ ಹಾಕುವ. ಖಲಾಸ್!" ಎಂದ.

ಬಖೂರ್ ಎಂದರೆ ಅರಬರು ಕೆಂಡದ ಮೇಲೆ ಹೊಗೆಯಾಡಿಸುವ ಸುಗಂಧದ ಚಕ್ಕೆ. ಚಿಟಿಕೆಯಷ್ಟು ಸಾಕು. ನನ್ನ ಪತ್ನಿ ಊರಿನಲ್ಲಿ ದೇವರಿಗೆ ಸಾಂಬ್ರಾಣಿ ಹಾಕುವ ಕ್ರಮದಲ್ಲಿ ಎರಡು ಮುಷ್ಟಿ ಸುರಿದಳು. ಕರೆಗಂಟೆಯೂ ಕಟ್ಟಡದ ಬೆಂಕಿಯ ಅಲಾರಮೂ ಒಟ್ಟಿಗೇ ಮೊಳಗಿದವು.

ಹೊಗೆ ನಮ್ಮದೇ ಎಂದು ನನಗೆ ಗೊತ್ತಿತ್ತು. ಆದರೆ ಕಾರಣ ಗೊತ್ತಿದೆಯೆಂದು ನಿಯಮ ಸಡಿಲವಾಗುವುದಿಲ್ಲ. ಶಿಳ್ಳೆ ಊದಿದೆ. "ಯಲ್ಲಾ, ಹೊರಡಿ! ಲಿಫ್ಟ್ ಬೇಡ, ಮೆಟ್ಟಿಲು! ಓಡಬಾರದು!" ಗಿರಾಕಿಗಳನ್ನೂ ನೆರೆಯವರನ್ನೂ ಏಳು ಮಹಡಿ ಇಳಿಸಿ, ಪಾರ್ಕಿಂಗ್‌ನ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿದೆ. ಇಬ್ಬರು ಕಡಿಮೆ. ಒಬ್ಬ ನನ್ನ ಭಾವಮೈದುನ. ಇನ್ನೊಬ್ಬರು, ಮನೆ ನೋಡಲು ಬಂದ ಗೃಹಸ್ಥರು.

ಅವರ ಹೆಂಡತಿ, "ಅಯ್ಯೋ, ನಮ್ಮವರು!" ಎಂದು ಮಗುವನ್ನು ಅವುಚಿಕೊಂಡರು. ನನ್ನ ಪತ್ನಿ, "ನಾನೇ ಕೊಂದೆ ಮಾರಾಯ್ರೆ, ಎರಡು ಮುಷ್ಟಿ ಹಾಕಿದೆ!" ಎಂದು ಅಳತೊಡಗಿದಳು. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಎಣಿಕೆಯಲ್ಲಿ ಒಂದು ತಲೆಯೂ ಕಡಿಮೆಯಾಗಿರಲಿಲ್ಲ. ವಾಚ್‌ಮನ್ ಅಲಾರಂ ನಿಲ್ಲಿಸಿ, ಬೆಂಕಿಯಿಲ್ಲವೆಂದು ಕೈಬೀಸಿದ. ಹೊಗೆಯಲ್ಲಿ ಬಿದ್ದಿರುವ ಎರಡು ದೇಹಗಳನ್ನು ಮನಸ್ಸಿನಲ್ಲಿ ಕಾಣುತ್ತಲೇ ನಾನು ಮೆಟ್ಟಿಲು ಹತ್ತಿದೆ.

ಮನೆಯ ಕಿಟಕಿಗಳೆಲ್ಲ ತೆರೆದಿದ್ದವು. ಕೆಂಡ ಸಿಂಕಿನಲ್ಲಿ ನಂದಿತ್ತು. ಬಾಲ್ಕನಿಯಲ್ಲಿ ಭಾವಮೈದುನನೂ ಗೃಹಸ್ಥರೂ ನಡುವೆ ತಟ್ಟೆ ಇಟ್ಟುಕೊಂಡು ಬಂಗುಡೆ ತಿನ್ನುತ್ತಿದ್ದರು.

"ಬನ್ನಿ ಭಾವ," ಎಂದ ಅವನು. "ಇವ್ರು ಈಗಿರೋ ಬಿಲ್ಡಿಂಗಲ್ಲಿ ಮೀನು ಹುರಿದ್ರೆ ಪಕ್ಕದವ್ರು ಕಂಪ್ಲೇಂಟ್ ಕೊಡ್ತಾರಂತೆ. ಇಲ್ಲಿ ಎಂಟು ವರ್ಷದಿಂದ ಅಕ್ಕ ಹುರೀತಾಳೆ, ಒಬ್ಬ ತುಟಿ ಬಿಚ್ಚಿಲ್ಲ ಅಂದೆ."

ಗೃಹಸ್ಥರು ಬೆರಳು ನೆಕ್ಕುತ್ತ ಎದ್ದು ನಿಂತರು. "ಮನೆ ನಮಗೆ ಬೇಕು ಸರ್. ನಾಳೆಯೇ ಸಹಿ ಮಾಡುವ. ಇವರೊಟ್ಟಿಗೆ ಎಲ್ಲ ಮಾತಾಡಿ ಆಯಿತು."

ಯಾರ ಕೈಗೆ ಹೋಗಬಾರದೆಂದು ನಾನು ಇಪ್ಪತ್ತನಾಲ್ಕು ದಿನ ನಿದ್ದೆಗೆಟ್ಟಿದ್ದೆನೋ, ಅವನೇ ಸಹಿಯಿಲ್ಲದೆ, ಕಾಗದವಿಲ್ಲದೆ ಮನೆ ಮಾರಿ ಮುಗಿಸಿದ್ದ. ಟೈಪು ಮಾಡಿಸಿದ ಕಾಗದವನ್ನು ಹುಡುಕಿದೆ. ಅದರ ಮೇಲೆ ಮೀನಿನ ಮುಳ್ಳುಗಳನ್ನು ನೀಟಾಗಿ ಸಾಲಾಗಿ ಜೋಡಿಸಿಟ್ಟಿದ್ದರು.

ನಾನು ಕ್ರಮ ತಪ್ಪಿಸುವವನಲ್ಲ. ಅಲ್ಲಿಯೇ ಕುಳಿತು ಆ ದಿನದ ವರದಿ ಬರೆದೆ: 'ಕಾಣೆಯಾದ ವ್ಯಕ್ತಿಗಳು ಇಬ್ಬರು, ಇಬ್ಬರೂ ಸುರಕ್ಷಿತವಾಗಿ ಪತ್ತೆ. ಬಂಗುಡೆ ಏಳು, ಒಂದೂ ಪತ್ತೆಯಿಲ್ಲ.'