ಚೆಂಡಿಲ್ಲದ ಓಟ

ತನಗೆ ಬಾರದ್ದನ್ನು ಇನ್ನೊಬ್ಬರಿಗೆ ಕಲಿಸುವ ಚಟವಿದೆಯಲ್ಲ, ಅದು ನಿಪ್ಪಾಣಿ ತಂಬಾಕಿಗಿಂತ ಕೆಟ್ಟದ್ದು. ತಂಬಾಕಿನಿಂದ ಹಾಳಾಗುವುದು ತಿನ್ನುವವನ ಹಲ್ಲು ಮಾತ್ರ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಶೇಡಬಾಳದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಅಷ್ಟು ಸಾಲದೆಂದು ಊರಿನ ತರುಣರ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಡುವ ಉಸಾಬರಿಯನ್ನೂ ಯಾರೂ ಕೇಳದೆ ಮೈಮೇಲೆ ಎಳೆದುಕೊಂಡೆ. ಬೆಳಗಾವಿಯ ಕಾಲೇಜಿನಲ್ಲಿ ನಾನು ಫುಟ್‌ಬಾಲ್ ತಂಡದಲ್ಲಿದ್ದೆ ಎನ್ನುವುದು ಸುಳ್ಳಲ್ಲ. ವರ್ಷವಿಡೀ ಗೆರೆಯಾಚೆ ಕೂತು ಆಡುವವರಿಗೆ ನಿಂಬೆಹಣ್ಣು ಕೊಯ್ದು ಕೊಡುತ್ತಿದ್ದೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಪಂದ್ಯ ಗೊತ್ತಾದದ್ದು ಜುಗೂಳದವರ ಮೇಲೆ, ಜುಗೂಳದವರಿಗೆ ಕಲಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ ವಸಂತ. ಪಂದ್ಯ ನಮ್ಮೂರಲ್ಲಿ, ಆಮೇಲೆ ಊಟ ನಮ್ಮ ಮನೆಯಲ್ಲಿ. ಸೋತರೆ ಅವನ ಎಲೆಗೆ ನಾನೇ ಹೋಳಿಗೆ ಬಡಿಸಬೇಕು, ಅದೂ ನಗುನಗುತ್ತ. “ನನ್ನ ತಮ್ಮ ಮೊದಲನೇ ದಿನಾನ ಚೆಂಡ ಕೊಟ್ಟಾನಂತ,” ಎಂದು ಹೆಂಡತಿ ರೊಟ್ಟಿ ಬಡಿಯುತ್ತ ಸುದ್ದಿ ಮುಟ್ಟಿಸಿದಳು. ನನಗೆ ಅಷ್ಟು ಸಾಕಾಯಿತು. ಚೆಂಡನ್ನು ಶಾಲೆಯ ಕಪಾಟಿನಲ್ಲಿಟ್ಟು ಕೀಲಿ ಜಡಿದು, ಮೊದಲು ಓಟ, ಆಮೇಲೆ ಚೆಂಡು ಎಂದು ಸಾರಿಬಿಟ್ಟೆ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ನಮ್ಮ ಆಟಗಾರರೆಲ್ಲ ಕಬ್ಬು, ದ್ರಾಕ್ಷಿ ಬೆಳೆಯುವ ಮನೆಯವರು. ಗೊಬ್ಬರದ ಚೀಲ ಹೊತ್ತು ಹೊಲದ ತುದಿ ಮುಟ್ಟು ಎಂದರೆ ಮುಟ್ಟಿಯಾರು, ಸುಮ್ಮನೆ ಓಡು ಎಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. “ಸರ್, ಬೆನ್ನ ಹಿಂದ ನಾಯಿ ಇಲ್ಲ, ಮುಂದ ಬಸ್ಸಿಲ್ಲ. ಯಾಕ ಓಡಬೇಕ್ರಿ?” ಎಂದು ನಾಯಕ ಅಪ್ಪಾಸಾಬ ಕೇಳಿದ. ದಮ್ಮು ಬರಲಿಕ್ಕೆ ಎಂದೆ. “ಚೆಂಡ ಕೊಡ್ರಿ, ದಮ್ಮ ತಾನ ಬರತೈತಿ,” ಎಂದ. ಇನ್ನು ಗೋಲು ಕಾಯುವ ಪಾಯಪ್ಪ ಮತ್ತು ಅವನ ಮೂವರು ಗೆಳೆಯರು ಜೈನರ ಮನೆಯವರು, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸಬೇಕಾದವರು. ಐದಕ್ಕೆ ಶಾಲೆ ಬಿಟ್ಟು ನಮ್ಮ ವಾದ ಮುಗಿಯುವಷ್ಟರಲ್ಲಿ ಸೂರ್ಯ ಕಬ್ಬಿನ ತಲೆಗೆ ಇಳಿದಿರುತ್ತಿದ್ದ. “ಅವ್ವ ತಾಟ ಹಚ್ಚಿರತಾಳ್ರಿ,” ಎಂದು ಪಾಯಪ್ಪ ಕಾಲು ಕಿತ್ತನೆಂದರೆ ಮೂವರೂ ಅವನ ಬೆನ್ನಿಗೆ. ನಾನು ಕಲಿಸಬೇಕೆಂದಿದ್ದ ಓಟ ಅದೇ, ದಿಕ್ಕು ಮಾತ್ರ ಬೇರೆ.

ಒಂದು ದಿನ ವಾದವೇ ಬೇಡವೆಂದು, ಕಾಗವಾಡದ ರಸ್ತೆಯಲ್ಲಿರುವ ದೊಡ್ಡ ಬೇವಿನ ಮರ ಮುಟ್ಟಿ ಬನ್ನಿ ಎಂದು ಎಲ್ಲರನ್ನೂ ಅಟ್ಟಿದೆ. ಅರ್ಧ ತಾಸಿನ ದಾರಿ. ಕಾಲು ತಾಸಿನಲ್ಲಿ ಹನ್ನೊಂದೂ ಜನ ಹಾಜರು! ನನ್ನ ಎದೆ ಉಬ್ಬಿತು. ಆಮೇಲೆ ನೋಡುತ್ತೇನೆ, ಒಬ್ಬರ ಹಣೆಯಲ್ಲೂ ಬೆವರಿಲ್ಲ, ಎಲ್ಲರ ಕೈಯಲ್ಲೂ ಒಂದೊಂದು ಕಬ್ಬು. ಹೋಗುವಾಗ ಅಪ್ಪಾಸಾಬನ ಕಾಕಾನ ಕಬ್ಬಿನ ಟ್ರ್ಯಾಕ್ಟರ್, ಬರುವಾಗ ಹಾಲಿನ ಟೆಂಪೊ. ನಮ್ಮ ಕಡೆ ರಸ್ತೆಯಲ್ಲಿ ಒಬ್ಬ ಓಡುತ್ತಿದ್ದಾನೆಂದರೆ ಯಾರೋ ಸತ್ತಿರಬೇಕು, ಇಲ್ಲವೇ ಎತ್ತು ಹಗ್ಗ ಹರಿದುಕೊಂಡಿರಬೇಕು. ಅಂಥವನನ್ನು ಕಂಡೂ ಗಾಡಿ ನಿಲ್ಲಿಸದಿದ್ದರೆ ಹಿರಿಯನ ಮರ್ಯಾದೆ ಹೋಗುತ್ತದೆ. “ಕಾಕಾ ‘ಹತ್ರಲೇ’ ಅಂದ್ರು. ಒಲ್ಲೆ ಅಂದ್ರ ಸಿಟ್ಟಿಗೇಳತಾರ್ರಿ,” ಎಂದ ಅಪ್ಪಾಸಾಬ, ಕಬ್ಬಿನ ಸಿಪ್ಪೆ ಉಗುಳುತ್ತ. ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದೆ.

ಮರುದಿನ ನಾನೇ ಜೊತೆಗೆ ಓಡುವೆನೆಂದು ಧೋತರ ಬಿಟ್ಟು ಪ್ಯಾಂಟು ಏರಿಸಿ ಬಂದೆ. ಆಸೆ ಹುಟ್ಟಲೆಂದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡೆ. ಮರ ಮುಟ್ಟಿದರೆ ಅಲ್ಲೇ ಚೆಂಡು, ಯಾರು ಕರೆದರೂ ಗಾಡಿ ಹತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಮೊದಲ ತಿರುವಿಗೇ ನನಗೆ ಪಕ್ಕೆ ಹಿಡಿಯಿತು. ಎರಡನೆಯದಕ್ಕೆ ಕಣ್ಣು ಕತ್ತಲಿಟ್ಟಿತು. ಆಗಲೇ ಹಿಂದಿನಿಂದ ಅದೇ ಕಾಕಾ, ಅದೇ ಟ್ರ್ಯಾಕ್ಟರ್. “ಏನಾತ್ರಿ ಮಾಸ್ತರ? ಹತ್ರಿ, ಹತ್ರಿ!” ಒಲ್ಲೆ ಎನ್ನಬೇಕೆಂದೇ ಬಾಯಿ ತೆರೆದೆ. ಉಸಿರು ಹೊರಡಲಿಲ್ಲ, ಕಾಲು ತಾನಾಗಿ ಹತ್ತಿತು. ಟ್ರ್ಯಾಕ್ಟರ್ ಹೊರಟ ಮೇಲೆ ಹಿಂದೆ ಹುಯಿಲೆದ್ದಿತು: “ಸರ್, ಚೆಂಡ! ಚೆಂಡ ಒಯ್ದ್ರಲ್ರೀ!” ಹನ್ನೊಂದು ಜನ ಬೇವಿನ ಮರದವರೆಗೆ ಬೆನ್ನು ಬಿಡದೆ ಓಡಿ ಬಂದರು. ಅಂದಿನಿಂದ ಚೆಂಡು ಕಪಾಟಿಗೆ ಹೋಗಲಿಲ್ಲ.

ಪಂದ್ಯ ಗೆದ್ದೆವು, ಒಂದು ಗೋಲಿನಿಂದ, ಪಾಯಪ್ಪನ ಊಟದ ಹೊತ್ತಿಗಿಂತ ಮುಂಚೆಯೇ. ರಾತ್ರಿ ಊಟಕ್ಕೆ ಅಪ್ಪಾಸಾಬನನ್ನೂ ಕರೆದಿದ್ದೆ, ನನ್ನನ್ನು ಹೊಗಳಲು ಒಬ್ಬನಾದರೂ ಬೇಕಲ್ಲ. “ಇವರಿಗೆ ಇಷ್ಟ ದಮ್ಮ ಹೆಂಗ ಬಂತ್ರಿ, ಭಾವಾರ?” ಎಂದು ವಸಂತ ಸೋತ ದನಿಯಲ್ಲಿ ಕೇಳಿದ. ಈ ಪ್ರಶ್ನೆಗಾಗಿಯೇ ನಾನು ಅಷ್ಟೂ ದಿನ ಕಾದಿದ್ದೆ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಪ್ಪಾಸಾಬ ಬಾಯಿ ಹಾಕಿದ.

“ನಮ್ಮ ಸರ್ ಚೆಂಡಿಲ್ದ ಓಡ್ರಿ ಅಂತಾರ್ರಿ. ನಾವು ಕಣ್ಣಾರೆ ನೋಡೇವಿ, ಅವರು ಚೆಂಡ ಕೈಯಾಗಿದ್ರೂ ಓಡಂಗಿಲ್ಲ.”

ಗೆದ್ದವನು ನಾನು. ಕೊನೆಗೆ ಉಳಿದಿದ್ದ ಒಂದು ಹೋಳಿಗೆಯನ್ನು ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಅಪ್ಪಾಸಾಬನ ಎಲೆಗೆ ಬಡಿಸಿದಳು.