ಬೀರ್ ಮಾತ್ರ ಸಾಕು ಸಾರ್

ಕೇಳುವುದಾದರೆ ಪೂರ್ತಿ ಕೇಳಬೇಕು. ಅರ್ಧ ಕೇಳುವವನನ್ನು ಲೋಕ ನಂಬುವುದಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು "ನನಗೆ ರಸಂ ಅನ್ನ ಮಾತ್ರ ಸಾಕು" ಎಂದು ಹೇಳಿ ನೋಡಿ. ಬಡಿಸುವವನು ಮೊದಲು ನಿಮ್ಮ ಮುಖ ನೋಡುತ್ತಾನೆ, ಆಮೇಲೆ ಪಕ್ಕದವರನ್ನು ಕೇಳುತ್ತಾನೆ, "ಇವ್ರಿಗೆ ಶುಗರ್ರಾ?" ಎಂದು. ಈ ಸತ್ಯ ನನಗೆ ತಲೆ ನರೆತ ಮೇಲೆ, ಒಂದು ಸರ್ಕಾರಿ ಕಚೇರಿಯ ಮೇಜಿನ ಮುಂದೆ ತಿಳಿಯಿತು. ನಾನು ಅಲ್ಲಿಗೆ ಹೋಗಿ ಕೇಳಿದ್ದು ಬಾರ್ ಲೈಸೆನ್ಸು, ಅದೂ ಬೀರ್ ಮಾತ್ರ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ನಾನು ಬೀರನ್ನು ನಾಲಿಗೆಗೆ ತಾಗಿಸಿದವನೇ ಅಲ್ಲ.

ತೊಪ್ಪೂರು ಘಾಟ್ ಇಳಿಯುವ ಮೊದಲು, ಧರ್ಮಪುರಿ ಕಡೆಯ ರಸ್ತೆ ಬದಿಯಲ್ಲಿ ನನ್ನದೊಂದು ಹೋಟೆಲು, ಅದರ ಮೇಲೆ ಲಾಡ್ಜು. ಹೋಟೆಲಿಗೆ ಜನ ಬರುತ್ತಾರೆ, ಇಡ್ಲಿ ತಿನ್ನುತ್ತಾರೆ, ಕೈ ತೊಳೆದು ಹೋಗುತ್ತಾರೆ. ಮೇಲಿನ ರೂಮುಗಳ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಇದಕ್ಕೆ ಮೊದಲು ನಾನು ಶಂಕಗಿರಿಯಲ್ಲಿ ನನ್ನ ಬಾಮೈದನ ಲಾರಿ ಆಫೀಸಿನಲ್ಲಿ ಬುಕಿಂಗ್ ಮೇಜಿಗೆ ಕೂತಿದ್ದೆ. ಬಾಮೈದ ಒಳ್ಳೆಯವನೇ. ಆದರೆ ಹೆಂಡತಿಯ ತಮ್ಮನ ಕೈಕೆಳಗೆ ಕೆಲಸ ಮಾಡುವ ಗಂಡಸಿನ ಪಾಡು ಹೇಳಿಕೊಳ್ಳುವಂಥದ್ದಲ್ಲ. ಅವನು ಎಲ್ಲರೆದುರು "ಬನ್ನಿ ಬಾವ, ಕೂತ್ಕಳಿ ಬಾವ" ಎಂದು ಮರ್ಯಾದೆ ಕೊಡುತ್ತಿದ್ದ. ಅದೇ ಉರಿಯುತ್ತಿತ್ತು. ಒಂದು ದಿನ "ನಾನು ಸ್ವಂತವಾಗಿ ನಿಲ್ಲುತ್ತೇನೆ" ಎಂದು ಎದ್ದು ಬಂದು ಈ ಲಾಡ್ಜು ಕಟ್ಟಿದೆ. ಅದು ಖಾಲಿ ಬಿದ್ದಾಗ ಬಾಮೈದ ಫೋನಿನಲ್ಲಿ ಬಹಳ ಪ್ರೀತಿಯಿಂದ ಹೇಳಿದ: "ಬೇಜಾರ್ ಮಾಡ್ಕಬ್ಯಾಡಿ ಬಾವ. ನಿಮ್ ಮೇಜು ಅಂಗೇ ಐತೆ. ಯಾರ್ನೂ ಕೂರಿಸಿಲ್ಲ." ಆ ಮೇಜು ಕನಸಿನಲ್ಲೂ ಬರತೊಡಗಿತು. ಹೇಗಾದರೂ ಲಾಡ್ಜು ತುಂಬಲೇಬೇಕಿತ್ತು.

ತುಂಬುವ ಉಪಾಯ ಹೇಳಿದವನೂ ಅವನೇ. "ಬೀರ್ ಇಲ್ದೆ ಲಾಡ್ಜ್ ಎಂಗ್ ಓಡ್ತೈತೆ ಬಾವ? ಕಾರಲ್ಲಿ ಬರೋವ್ನು ರೂಮ್ ಮಾಡ್ಬೇಕು ಅಂದ್ರೆ ಒಂದು ಕಾರಣ ಬೇಕಲ್ಲ." ನನ್ನ ಹೆಂಡತಿ ಜಯಾ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಒಪ್ಪಿದಳು, ಆದರೆ ಷರತ್ತಿನ ಮೇಲೆ. "ಬೀರ್ ಮಾತ್ರ. ಅದು ಬಾರ್ಲಿ ನೀರಂತೆ. ಅದೂ ಮೇಲಿನ್ ರೂಮ್ನೋರಿಗೆ. ಘಾಟ್ ಇಳಿಯೋ ಡ್ರೈವರ್ ಕೈಗೆ ಒಂದ್ ತೊಟ್ಟೂ ಓಗ್ಬಾರದು. ಬ್ರಾಂದಿ ಗೀಂದಿ ಒಳಕ್ಕೆ ಬಂದ್ರೆ ನಾನು ಒರಕ್ಕೆ ಓಯ್ತೀನಿ, ನೋಡ್ಕಳಿ." ಬಾರ್ಲಿ ನೀರು ಎಂದು ಅವಳಿಗೆ ಹೇಳಿದವನು ನಾನೇ. ನನಗೆ ಹೇಳಿದವನು ಬಾಮೈದ.

ಕಚೇರಿಯ ಗುಮಾಸ್ತರು ನನ್ನ ಅರ್ಜಿ ಓದಿ ಕನ್ನಡಕ ತೆಗೆದರು. "ಬೀರ್ ಮಟ್ಟುಮಾ?" ಎಂದರು. ಬೀರ್ ಮಾತ್ರ ಸಾಕು ಸಾರ್, ಎಂದೆ. ಲಾಡ್ಜಿಗೆ ಕೊಟ್ಟರೆ ಎಲ್ಲವನ್ನೂ ಕೊಡುತ್ತಾರೆ, ಇಲ್ಲದಿದ್ದರೆ ಏನೂ ಇಲ್ಲ, ನಡುವೆ ಬೀರ್ ಎಂಬ ನಿಲ್ದಾಣ ಇಲ್ಲಿಲ್ಲ ಎಂದು ಅವರು ತಮಿಳಿನಲ್ಲಿ ತಾಳ್ಮೆಯಿಂದ ವಿವರಿಸಿದರು. ಎಲ್ಲವನ್ನೂ ಕೊಟ್ಟರೂ ನಾನು ಬೀರ್ ಮಾತ್ರ ಇಡುತ್ತೇನೆ ಎಂದೆ. ಪಕ್ಕದ ಮೇಜಿನವರೂ ತಿರುಗಿ ನೋಡಿದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಕಡಿಮೆ ಕೊಡಿ ಎಂದು ಬಂದವರು ನೀವೊಬ್ಬರೇ ಸಾರ್, ಎಂದು ಗುಮಾಸ್ತರು ಅರ್ಜಿಯನ್ನು ಎತ್ತಿಟ್ಟುಕೊಂಡರು. ನನ್ನ ಮೇಲೆ ಮೂಡಿದ ಸಂಶಯದಿಂದಲೋ ಏನೋ, ಜಾಗ ನೋಡಲು ಆಫೀಸರು ಬಹಳ ಬೇಗ ಬಂದರು.

ಇಲ್ಲಿ ಮುನಿಯಪ್ಪನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಘಾಟಿನ ತಲೆಯಲ್ಲಿ ಲಾರಿಯವರು ಗಾಡಿ ನಿಲ್ಲಿಸುತ್ತಾರೆ, ಟೈರು ತಟ್ಟಿ ನೋಡುತ್ತಾರೆ, ಆಮೇಲೆ ನೇರವಾಗಿ ನನ್ನ ಕಾಂಪೌಂಡ್ ಗೋಡೆಗೆ ಬಂದು ನಿಲ್ಲುತ್ತಾರೆ. ಯಾಕೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಬೋರ್ಡು ಹಾಕಿದೆ, ಬೋರ್ಡಿನ ಕೆಳಗೇ ನಿಂತರು. ಬೈದೆ, "ಒಂದ್ ನಿಮಿಷ ಅಣ್ಣಾ" ಎಂದರು. ಕೊನೆಗೆ ಒಂದು ಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಓಮಲೂರು ಸಂತೆಯಿಂದ ತಂದ ಪುಟ್ಟ ತ್ರಿಶೂಲ ನೆಟ್ಟು, ಮುನಿಯಪ್ಪ ಎಂದು ಹೆಸರಿಟ್ಟೆ. ಗಣಪತಿಯನ್ನೇ ಇಡಬಹುದಿತ್ತು, ಆದರೆ ಗಣಪತಿ ಕ್ಷಮಿಸಿಬಿಡುತ್ತಾನೆ ಎಂಬ ಧೈರ್ಯ ನಮ್ಮ ಜನಕ್ಕಿದೆ. ಮುನಿಯಪ್ಪನ ಹತ್ತಿರ ಆ ಸಲಿಗೆ ಇಲ್ಲ. ಕೋಳಿ ತಿನ್ನುವ, ಸುರುಟ್ಟು ಸೇದುವ, ಹೆಂಡ ಕುಡಿಯುವ ದೇವರು ಅವನು. ಗೋಡೆ ಒಂದೇ ವಾರದಲ್ಲಿ ಒಣಗಿತು. ಲಾರಿಯವರು ಪಕ್ಕದ ಪಂಕ್ಚರ್ ಅಂಗಡಿಯ ಹಿಂದಕ್ಕೆ ಹೋಗತೊಡಗಿದರು. ಆಮೇಲೆ ನಿಂಬೆಹಣ್ಣು ಬಂತು, ಕರ್ಪೂರ ಬಂತು. ಒಬ್ಬ ಡ್ರೈವರ್ ಬೀರ್ ಬಾಟಲಿ ತಂದು ಕಲ್ಲಿನ ಮುಂದೆ ಮುಚ್ಚಳ ತೆಗೆದು ಸುರಿದ. "ನಾವು ಕುಡಿಯಂಗಿಲ್ಲ ಅಣ್ಣಾ, ಮುಂದೆ ಘಾಟ್ ಐತೆ. ನಮ್ ಬದ್ಲು ಇವ್ನು ಕುಡೀಲಿ" ಎಂದ. ಇದೆಲ್ಲ ನನಗೆ ತಮಾಷೆಯಾಗಿಯೇ ಕಂಡಿತ್ತು.

ಆಫೀಸರು ರೂಮು ನೋಡಿದರು, ಅಡುಗೆಮನೆ ನೋಡಿದರು, ಸಮಾಧಾನವಾದಂತಿತ್ತು. ಗೇಟಿನ ಹತ್ತಿರ ಬಂದವರು ನಿಂತುಬಿಟ್ಟರು. "ಕೋವಿಲ್ ಇರುಕ್ಕೆ ಸಾರ್" ಎಂದರು. ಗುಡಿಯ ಪಕ್ಕದಲ್ಲಿ ಬಾರ್ ಕೂಡದು, ಅದು ರೂಲು. ಅಯ್ಯೋ, ಅದು ಗುಡಿಯಲ್ಲ ಸಾರ್, ಗೋಡೆಗೋಸ್ಕರ ನಾನೇ ನಿಲ್ಲಿಸಿದ ಕಲ್ಲು, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗುವ ಹೊತ್ತಿಗೆ ಸರಿಯಾಗಿ ಒಬ್ಬ ಡ್ರೈವರ್ ಬಂದು ಕರ್ಪೂರ ಹಚ್ಚಿ, ಅಡ್ಡಬಿದ್ದು, ಎದ್ದು ವಿಭೂತಿಯನ್ನು ಆಫೀಸರ ಮುಂದೆ ಹಿಡಿದ. ಆಫೀಸರು ತಮಗರಿವಿಲ್ಲದೆ ಬೂಟು ಕಳಚಿ, ವಿಭೂತಿಯನ್ನು ಹಣೆಗೆ ಇಟ್ಟುಕೊಂಡರು. ಆಮೇಲೆ ತಮ್ಮ ಕಾಲನ್ನೇ ನೋಡಿಕೊಂಡು, "ನೋಡಿದಿರಾ ಸಾರ್, ಬೂಟು ಬಿಚ್ಚಿಸಿದ ಮೇಲೆ ಅದು ಗುಡಿಯೇ" ಎಂದು ತೀರ್ಪು ಕೊಟ್ಟರು. ಕಲ್ಲನ್ನು ಬೇರೆ ಕಡೆಗೆ ಸಾಗಿಸಿ ತಿಳಿಸಿ, ಮತ್ತೆ ಬರುತ್ತೇನೆ ಎಂದು ಹೇಳಿ ಜೀಪು ಹತ್ತಿದರು.

ಮರುದಿನ ಬೆಳಿಗ್ಗೆ ಹಾರೆ ಹಿಡಿದು ಹೊರಟೆ. ಜಯಾ ಅಡ್ಡ ಬಂದಳು. "ಏನಂದ್ರೆ, ಕೇಳ್ದಲೆ ಎಬ್ಬಿಸ್ಬ್ಯಾಡಿ. ಹೂವ ಕೇಳಿ." ದೇವರ ತಲೆಯ ಎರಡೂ ಕಡೆ ಹೂವಿಟ್ಟು ಕಾಯುವುದು ನಮ್ಮ ಕಡೆಯ ಪದ್ಧತಿ, ಬಲಗಡೆಯದು ಬಿದ್ದರೆ ಒಪ್ಪಿಗೆ. ನಾನೇ ತಂದ ಕಲ್ಲಿನ ಹತ್ತಿರ ನಾನು ಅಪ್ಪಣೆ ಕೇಳುವುದೇ ಎಂದು ಗೊಣಗುತ್ತಲೇ ಇಟ್ಟೆ. ದೊಡ್ಡ ಟ್ರೇಲರೊಂದು ಗುಡುಗಿಕೊಂಡು ಹೋಯಿತು, ಬಲಗಡೆಯ ಹೂವು ತಟ್ಟನೆ ಬಿತ್ತು. ಒಪ್ಪಿಗೆ ಸಿಕ್ಕೇ ಬಿಟ್ಟಿತು! ಹಾರೆ ಎತ್ತಿದೆ. ಕೈ ಮೇಲಕ್ಕೆ ಹೋಯಿತು, ಕೆಳಗೆ ಬರಲಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಆ ಅರಿಶಿನ ನಮ್ಮ ಅಡುಗೆಮನೆಯ ಡಬ್ಬಿಯದು ಎಂದು ಗೊತ್ತಿದ್ದೂ ಮನಸ್ಸು ಕೇಳಲಿಲ್ಲ. "ಸ್ವಾಮಿ ಒಪ್ಕಂಡ್ರೂ ನೀವ್ ಒಪ್ಪಾಕಿಲ್ಲ ಬುಡಿ" ಎಂದು ಜಯಾ ಹಾರೆ ಕಿತ್ತುಕೊಂಡು ಒಳಗೆ ಹೋದಳು. ಶಂಕಗಿರಿಯ ಮೇಜಿನ ಧೂಳನ್ನು ನಾನು ಮನಸ್ಸಿನಲ್ಲೇ ಒರೆಸಿದೆ.

ಆದರೆ ವಿಭೂತಿ ಕೊಟ್ಟ ಆ ಡ್ರೈವರ್ ಸುಮ್ಮನಿರಲಿಲ್ಲ. ಲಾರಿ ಹೋದಲ್ಲೆಲ್ಲ ಸುದ್ದಿಯೂ ಹೋಯಿತು: ತೊಪ್ಪೂರಿನಲ್ಲಿ ಒಬ್ಬ ಮುನಿಯಪ್ಪ ಇದ್ದಾನೆ, ಆಫೀಸರ ಬೂಟನ್ನೇ ಬಿಚ್ಚಿಸಿದ! ಮಳೆ ಕೊಡುವ ದೇವರು ಎಷ್ಟೋ ಇದ್ದಾರೆ, ಮಕ್ಕಳು ಕೊಡುವ ದೇವರೂ ಇದ್ದಾರೆ; ಲಾರಿ ಇಟ್ಟವರಿಗೆ ಆಫೀಸರನ್ನು ಬಗ್ಗಿಸುವ ದೇವರು ಸಿಕ್ಕಿದ್ದು ಇದೇ ಮೊದಲು. ಹೊಸ ಲಾರಿ ತೆಗೆದವರೆಲ್ಲ ಮೊದಲ ಪೂಜೆಗೆ ಇಲ್ಲಿಗೇ ಬರತೊಡಗಿದರು. ಹೆಂಡತಿ ಮಕ್ಕಳು ನೆಂಟರ ಸಮೇತ ಬಂದು, ಆಡು ಕಡಿದು, ಬಿರಿಯಾನಿ ಮಾಡಿಸಿ, ರಾತ್ರಿ ನನ್ನ ಮೇಲಿನ ರೂಮುಗಳಲ್ಲೇ ಉಳಿದರು. ಪೂಜೆಗೆ ಪೂಜಾರಿ ಬೇಕಲ್ಲ, ಸ್ಥಾಪಿಸಿದವನು ನಾನೇ ಆದ್ದರಿಂದ ಆ ಕೆಲಸವೂ ನನ್ನ ತಲೆಗೇ ಬಂತು. ಜಯಾಳ ಷರತ್ತನ್ನು ಮಾತ್ರ ಬಿಡಲಿಲ್ಲ. "ಸ್ವಾಮಿಗೆ ಬೀರ್ ಮಾತ್ರ" ಎಂದು ಬೋರ್ಡು ಬರೆಸಿ ಹಾಕಿದ್ದೇನೆ. ನನಗೆ ಯಾರೂ ಕೊಡದ ಲೈಸೆನ್ಸನ್ನು ನಾನು ಅವನಿಗೆ ಕೊಟ್ಟೆ.

ಹೋದ ಅಮಾವಾಸ್ಯೆಗೆ ಬಾಮೈದನೂ ಹೊಸ ಲಾರಿ ತಂದ. ನನ್ನ ಮುಂದೆ ಕೈಮುಗಿದು ನಿಂತ. ಅವನ ಹಣೆಗೆ ವಿಭೂತಿ ಇಡುವಾಗ ಎದೆ ತಂಪಾಯಿತು, ಸುಳ್ಳು ಯಾಕೆ ಹೇಳಲಿ. "ಆ ಮೇಜಿಗೆ ಬೇರೆಯೋರ್ನ ಕೂರಿಸ್ಬುಟ್ಟೆ ಬಾವ" ಎಂದ ಮೆಲ್ಲಗೆ. ಆಮೇಲೆ ಸ್ವಾಮಿಗೆ ಸುರಿದು ಉಳಿದ ಅರ್ಧ ಬಾಟಲಿಯನ್ನು ನನ್ನ ಕೈಗಿಟ್ಟ. "ಪ್ರಸಾದ, ಬ್ಯಾಡ ಅನ್ನಂಗಿಲ್ಲ. ನೀವೇನ್ ಗಾಡಿ ಓಡಿಸ್ತೀರಾ?" ಜಯಾ ಕಿಟಕಿಯಿಂದ ನೋಡುತ್ತಿದ್ದಳು, ಪ್ರಸಾದ ಎಂಬ ಮಾತು ಕೇಳಿ ಅವಳೂ ಕೈಮುಗಿದಳು. ಕಣ್ಣು ಮುಚ್ಚಿ ಕುಡಿದೆ. ಥೂ, ಬೇವಿನ ಕಷಾಯಕ್ಕೆ ನೊರೆ ಬರಿಸಿದ ಹಾಗಿತ್ತು. ಇದಕ್ಕಾ ನಾನು ಅಷ್ಟು ಅಲೆದದ್ದು?

ಸ್ವಲ್ಪ ಹೊತ್ತಿಗೆ ಬೀರು ತನ್ನ ಕೆಲಸ ತೋರಿಸಿತು. ಮೇಲೆ ಓಡಿದೆ. ರೂಮುಗಳೆಲ್ಲ ಭರ್ತಿ, ಬಚ್ಚಲುಗಳೆಲ್ಲ ಒಳಗಿನಿಂದ ಚಿಲಕ. ಕೆಳಗಿನ ಬಚ್ಚಲಿನ ಮುಂದೆ ಬಿರಿಯಾನಿ ಮುಗಿಸಿದವರ ಸಾಲು. ಬೇರೆ ದಾರಿ ಕಾಣದೆ ಗೋಡೆಯ ಕಡೆ ಎರಡು ಹೆಜ್ಜೆ ಇಟ್ಟೆ. ಮುನಿಯಪ್ಪ ನೋಡುತ್ತಿದ್ದ. ತಿರುಗಿ, ಪಕ್ಕದ ಪಂಕ್ಚರ್ ಅಂಗಡಿಯ ಹಿಂದಕ್ಕೆ ಓಡಿದೆ. ಅಲ್ಲಿ ಗೋಡೆಯ ಬುಡದಲ್ಲಿ, ಅರಿಶಿನ ಇನ್ನೂ ಹಸಿಯಾಗಿರುವ ಹೊಸ ಕಲ್ಲೊಂದು ನಿಂತಿತ್ತು.