ಊರಿನ ಆಸ್ತಿಯಾದ ನಾಲ್ಕು ಹಲ್ಲುಗಳು

ಓಹಾಯೋ ರಾಜ್ಯದ ಕಾಬ್ಸ್ ಹಾಲೋ ಎಂಬ ನಮ್ಮ ಊರು ದೇಶಪ್ರೇಮದಲ್ಲಿ ಸುತ್ತಲಿನ ಯಾವ ಊರಿಗೂ ಕಡಿಮೆಯಿರಲಿಲ್ಲವೆಂಬುದು ನಿರ್ವಿವಾದವಾದ ಸಂಗತಿ. ಉತ್ತರದವರಿಗೂ ದಕ್ಷಿಣದವರಿಗೂ ಹತ್ತಿಕೊಂಡ ಯುದ್ಧ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತ್ತು, ಮೇಲೆ ಚುನಾವಣೆಯೂ ಬಂದಿತ್ತು. ಸೇನೆಗೆ ಸೇರುವ ವಯಸ್ಸಿನ ನಮ್ಮೂರ ಗಂಡಸರೆಲ್ಲ ದಿನಾ ಸಂಜೆ ಬಾವುಟ ಹಿಡಿದು ಬೀದಿ ಸುತ್ತಿ, "ಕೊನೆಯ ಮನುಷ್ಯನವರೆಗೂ ಹೋರಾಡುತ್ತೇವೆ" ಎಂದು ಕೂಗುತ್ತಿದ್ದರು. ಒಬ್ಬಿಬ್ಬರನ್ನು ಬಿಟ್ಟರೆ ಅವರಲ್ಲಿ ಯಾರಿಗೂ ಮುಂದಿನ ಹಲ್ಲುಗಳಿರಲಿಲ್ಲ.

ಇದಕ್ಕೆ ಕಾರಣ ಒದಗಿಸಿದ್ದು ಸರ್ಕಾರವೇ. ಸಿಪಾಯಿಯ ಬಂದೂಕಿಗೆ ತುಂಬುವ ಮದ್ದು ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಒಂದು ಕೈಯಲ್ಲಿ ಬಂದೂಕು ಹಿಡಿದಿರುವವನು ಆ ಪೊಟ್ಟಣವನ್ನು ಮುಂದಿನ ಹಲ್ಲಿನಿಂದ ಕಚ್ಚಿ ಹರಿಯಬೇಕು. ಹಲ್ಲಿಲ್ಲದವನು ಹರಿಯಲಾರ, ಹರಿಯಲಾರದವನು ಸುಡಲಾರ, ಸುಡಲಾರದವನನ್ನು ಸೇನೆಗೆ ತೆಗೆದುಕೊಳ್ಳತಕ್ಕದ್ದಲ್ಲ ಎಂದು ನಿಯಮ. ಈ ನಿಯಮ ನಮ್ಮೂರಿಗೆ ತಲುಪಿದ ವಾರದಲ್ಲೇ ಗಂಡಸರಿಗೆಲ್ಲ ಭಾರೀ ಹಲ್ಲುನೋವು ಕಾಣಿಸಿಕೊಂಡಿತು. ನನಗೆ ಆಗಲೇ ಐವತ್ತು ದಾಟಿತ್ತು. ಹಾಗಾಗಿ ನನ್ನ ಹಲ್ಲಿಗಾಗಲಿ ದೇಶಪ್ರೇಮಕ್ಕಾಗಲಿ ಯಾವ ಅಡ್ಡಿಯೂ ಬರಲಿಲ್ಲ. ಊರಸಭೆಯ ಕಾರ್ಯದರ್ಶಿಯಾಗಿ ನಾನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ, ಅಷ್ಟೆ.

ಹಲ್ಲು ಕೀಳುತ್ತಿದ್ದವರು ಡಾಕ್ಟರ್ ಫಿಲ್ಯಾಂಡರ್ ಕ್ರೌಚ್. ಊರಿಗೆಲ್ಲ ಇದ್ದ ಒಬ್ಬರೇ ಹಲ್ಲಿನ ಡಾಕ್ಟರು, ಊರಸಭೆಯ ಅಧ್ಯಕ್ಷರು, ಸಾಲದ್ದಕ್ಕೆ ರಾಜ್ಯದ ಶಾಸನಸಭೆಗೆ ಯುದ್ಧಪಕ್ಷದ ಅಭ್ಯರ್ಥಿ. ಬಾಯಿ ಮುಚ್ಚುವಷ್ಟು ದಟ್ಟವಾದ ಮೀಸೆ, ಅದನ್ನು ಭೇದಿಸಿಕೊಂಡು ಬರುವಂಥ ಕಂಠ. ಬೆಳಗ್ಗೆ ಹಲ್ಲು ಕೀಳುವುದು, ಸಂಜೆ ವೇದಿಕೆ ಹತ್ತಿ "ಯುದ್ಧಕ್ಕೆ ಹೊರಡಿ" ಎಂದು ಕರೆ ಕೊಡುವುದು. ಎರಡನ್ನೂ ಅವರು ಒಂದೇ ನಿಷ್ಠೆಯಿಂದ ಮಾಡುತ್ತಿದ್ದರು. ಯುದ್ಧದಿಂದಾಗಿ ಕಾಗದ ತುಟ್ಟಿಯಾಗಿದ್ದರಿಂದ ಎರಡು ಕೆಲಸಕ್ಕೂ ಒಂದೇ ಭಿತ್ತಿಪತ್ರ:

"ಮಹಾಜನರೇ! ತಾಯ್ನಾಡು ಕರೆಯುತ್ತಿದೆ. ಇರುವುದೆಲ್ಲವನ್ನೂ ಕೊಡಿ. ಕ್ರೌಚ್ ಅವರಿಗೇ ಮತ ನೀಡಿ. ಹಲ್ಲುಗಳನ್ನು ನೋವಿಲ್ಲದೆ ಕೀಳಲಾಗುವುದು."

ಅಭ್ಯರ್ಥಿಗೆ ಊರಿನ ಬಾಯಿಬಾಯಿಯ ಪರಿಚಯವಿತ್ತೆಂದು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಅಕ್ಟೋಬರ್ ತಿಂಗಳಲ್ಲಿ ಆಜ್ಞೆ ಬಂತು: ಕಾಬ್ಸ್ ಹಾಲೋ ಊರು ಸೇನೆಗೆ ಇನ್ನೊಬ್ಬ ಮನುಷ್ಯನನ್ನು ಕೊಡತಕ್ಕದ್ದು. ಚೀಟಿ ಎತ್ತಲು ಸೇನೆಯ ವೈದ್ಯಾಧಿಕಾರಿ ಕ್ಯಾಪ್ಟನ್ ಓರ್ವಿಸ್ ತಿಂಗಳ ಕೊನೆಯ ಶನಿವಾರ ಬರುವರು.

ಡಾಕ್ಟರ್ ಕ್ರೌಚ್ ಅವರಿಗೆ ಬೆವರು ಕಿತ್ತುಕೊಂಡಿತು. ಒಬ್ಬನೇ ಒಬ್ಬ ಕೂಡ ಸಿಗದೆ ಕ್ಯಾಪ್ಟನ್ ಬರಿಗೈಯಲ್ಲಿ ಹಿಂದಿರುಗಿದರೆ ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? "ವೀರಾವೇಶದ ಭಾಷಣ ಮಾಡ್ತಾನೆ, ಅವನ ಊರಲ್ಲಿ ಒಬ್ಬನ ಬಾಯಲ್ಲೂ ಹಲ್ಲಿಲ್ಲ, ಕಿತ್ತೋನೂ ಅವನೇ" ಎಂದು ಜಿಲ್ಲೆಯೆಲ್ಲ ಡಂಗುರ ಹೊಡೆಯುತ್ತಾರೆ. ಚುನಾವಣೆ ಗೆಲ್ಲಬೇಕಾದರೆ ಹಲ್ಲಿರುವ ಒಬ್ಬ ದೇಶಪ್ರೇಮಿ ಬೇಕೇ ಬೇಕು.

ಅಂಥವನು ಒಬ್ಬನಿದ್ದ. ಪೀಪಾಯಿ ಮಾಡುವ ಜೀನಸ್ ಟಟಲ್. ಎತ್ತಿನಂಥ ಆಳು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಹಲ್ಲು ಉಳಿದದ್ದು ಶೌರ್ಯದಿಂದಲ್ಲ, ಇಕ್ಕಳದ ಹೆದರಿಕೆಯಿಂದ. ಹೆಂಡತಿ ಲವೀನಾ ಮೂರು ಸಲ ಅವನನ್ನು ಡಾಕ್ಟರ ಕುರ್ಚಿಯವರೆಗೆ ಕರೆದುಕೊಂಡು ಹೋಗಿದ್ದಳು. ಮೂರನೆಯ ಸಲವಂತೂ ಅವನು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಕಿಟಕಿಯಿಂದ ಹಾರಿ ಓಡಿಬಂದ. ಬಟ್ಟೆ ವಾಪಸು ತರಲು ನನ್ನನ್ನೇ ಕಳಿಸಿದ್ದರು. ನಾನು ಹೋದಾಗ ಗಂಡಹೆಂಡಿರ ಮಾತು ನಡೆದಿತ್ತು.

"ಅಲ್ಲ ರೀ, ಗುಂಡಿಗೆ ಎದೆ ಕೊಡ್ತೀರಂತೆ, ಒಂದು ಇಕ್ಕಳಕ್ಕೆ ಬಾಯಿ ಕೊಡಕ್ಕಾಗಲ್ವಾ?" ಎಂದು ಲವೀನಾ ಕೇಳುತ್ತಿದ್ದಳು.

"ಗುಂಡು ಬಂದ್ರೆ ಒಂದೇ ಸಲ ಬರುತ್ತೆ ಕಣೇ. ಆ ಪುಣ್ಯಾತ್ಮ ಎದೆ ಮೇಲೆ ಮೊಣಕಾಲಿಟ್ಟು ಎಳೀತಾನೆ, ನಡುವೆ ನಿಂತು ಹವಾ ಹೇಗಿದೆ ಅಂತ ಬೇರೆ ಮಾತಾಡ್ತಾನೆ."

"ನೀವು ಸತ್ತರೆ ನಾನೇನ್ ಮಾಡ್ಲಿ?"

"ಸಾಯ್ತೀನಿ ಅಂತ ಯಾರು ಹೇಳಿದ್ರು? ಡಾಕ್ಟ್ರು ದಿನಾ ಸಂಜೆ ಹೇಳ್ತಾರಲ್ಲ, ನಮ್ಮವರಿಗೆ ಏನೂ ಆಗಲ್ಲ ಅಂತ."

ಲವೀನಾ ನನ್ನತ್ತ ತಿರುಗಿ, "ಪೀಲೆಗ್ ಮಾವ, ನೀವಾದ್ರೂ ಬುದ್ಧಿ ಹೇಳಿ" ಎಂದಳು. ಅವಳ ಕಣ್ಣು ತುಂಬಿತ್ತು. ನನಗೆ ಅಯ್ಯೋ ಅನ್ನಿಸಿತು. ಆದರೆ ಬುದ್ಧಿ ಹೇಳುವುದು ಕಾರ್ಯದರ್ಶಿಯ ಕೆಲಸಗಳಲ್ಲಿ ಸೇರಿರಲಿಲ್ಲವಾದ್ದರಿಂದ ಬಟ್ಟೆ ಇಸಿದುಕೊಂಡು ಬಂದೆ.

ಮೂರು ಸಲ ಓಡಿದವನು ನಾಲ್ಕನೆಯ ಸಲ ಕೂತುಬಿಟ್ಟರೆ? ಡಾಕ್ಟರ್ ಕ್ರೌಚ್ ತಡಮಾಡಲಿಲ್ಲ. ಅಂದೇ ಚರ್ಚಿನ ಬಾಗಿಲಿಗೆ ನೋಟೀಸು ಅಂಟಿಸಿ, ವಾರ ತುಂಬಿದ ದಿನವೇ ಊರಸಭೆ ಕರೆದು ನಿರ್ಣಯ ಮಂಡಿಸಿದರು. ಅದನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತೇನೆ:

"ಪೀಪಾಯಿ ಕಸುಬಿನ ಜೀನಸ್ ಟಟಲ್ ಎಂಬವರ ಬಾಯಿಯಲ್ಲಿರುವ ಮುಂದಿನ ನಾಲ್ಕು ಹಲ್ಲುಗಳು, ಅಂದರೆ ಮೇಲಿನವು ಎರಡು, ಕೆಳಗಿನವು ಎರಡು, ಈ ಕ್ಷಣದಿಂದ ಊರಿನ ಸಾರ್ವಜನಿಕ ಆಸ್ತಿ ಎಂದು ಘೋಷಿಸಲಾಗಿದೆ. ಸದರಿ ಹಲ್ಲುಗಳನ್ನು ಕೀಳುವುದು, ಅಲ್ಲಾಡಿಸುವುದು, ಅವುಗಳಿಂದ ಅಕ್ರೋಟು ಒಡೆಯುವುದು ಶಿಕ್ಷಾರ್ಹ ಅಪರಾಧ. ಮಾಲೀಕರು, ಅಂದರೆ ಹಿಂದಿನ ಮಾಲೀಕರು, ಅವುಗಳನ್ನು ಊಟಕ್ಕೆ ಮಿತವಾಗಿ ಬಳಸಬಹುದು."

ಎಲ್ಲರೂ ಕೈ ಎತ್ತಿದರು. ಹಲ್ಲುಗಳು ದಿನವಿಡೀ ಮನೆಯಲ್ಲೇ ಇರುವುದರಿಂದ ಲವೀನಾಳನ್ನೇ ಅವುಗಳ ಪಾಲಕಿಯೆಂದು ನೇಮಿಸಲಾಯಿತು. ನಮ್ಮೂರಲ್ಲಿ ಬೆಂಕಿ ಆರಿಸುವ ಬಂಡಿಗೆ, ಹೆಣದ ಬಂಡಿಗೆ, ದೊಡ್ಡ ಗಂಟೆಗೆ ಒಬ್ಬೊಬ್ಬ ಪಾಲಕರಿದ್ದಾರೆ. ಈಗ ಹಲ್ಲಿಗೂ ಒಬ್ಬರಾದರು.

ಮರುದಿನದಿಂದ ಜೀನಸ್‌ನ ದೆಸೆಯೇ ತಿರುಗಿತು. ವೇದಿಕೆಯ ಮೇಲೆ ಅವನಿಗೆ ಕುರ್ಚಿ. ಡಾಕ್ಟರು ಭಾಷಣದ ನಡುವೆ "ತೋರಿಸಪ್ಪಾ!" ಅನ್ನುವರು, ಅವನು ತುಟಿ ಎತ್ತುವನು, ಜನ ಟೋಪಿ ಹಾರಿಸುವರು. ದಾರಿಯಲ್ಲಿ ಸಿಕ್ಕವರೆಲ್ಲ, "ಜೀನಸ್, ಹಲ್ಲು ಹೇಗಿದೆಯಪ್ಪಾ? ತಣ್ಣೀರು ಕುಡೀಬೇಡ, ಜುಮ್ ಅನ್ನುತ್ತೆ" ಎಂದು ಅಕ್ಕರೆಯಿಂದ ವಿಚಾರಿಸುವರು. ಅವನು ಹೇಗಿದ್ದಾನೆಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅವನಿಗೂ ಅದು ಗಮನಕ್ಕೆ ಬಂದಂತಿರಲಿಲ್ಲ. ಉಬ್ಬಿ ಹೋಗಿದ್ದ.

ಶನಿವಾರ ಕ್ಯಾಪ್ಟನ್ ಓರ್ವಿಸ್ ಬಂದರು. ಯುದ್ಧ ಶುರುವಾದಾಗಿನಿಂದ ಕಂಡಕಂಡವರ ಬಾಯಿಗಳನ್ನು ನೋಡಿ ನೋಡಿ ಮನುಷ್ಯಜಾತಿಯ ಮೇಲೆಯೇ ಬೇಸರ ಬಂದಿದ್ದ ಮುದುಕರು. ಸಭಾಭವನದಲ್ಲಿ ಹಿಡಿಕೆ ತಿರುಗಿಸುವ ಮರದ ಡ್ರಮ್ಮು ಇಟ್ಟು, ಊರಿನ ಅರ್ಹ ಗಂಡಸರ ಹೆಸರಿನ ಚೀಟಿಗಳನ್ನೆಲ್ಲ ಅದರೊಳಗೆ ಹಾಕಿ ತಿರುಗಿಸಿದರು. ಒಂದು ಚೀಟಿ ಎತ್ತುವುದು, ಹೆಸರು ಕೂಗುವುದು, ಅವನು ಬಂದು ಬಾಯಿ ತೆರೆಯುವುದು, ಕ್ಯಾಪ್ಟನ್ "ಹೋಗು" ಎನ್ನುವುದು.

"ಏನು ಊರಪ್ಪಾ ಇದು? ಇವರೆಲ್ಲ ಏನು ತಿಂತಾರೆ?" ಎಂದು ಅವರು ನನ್ನನ್ನು ಕೇಳಿದರು.

"ಗಂಜಿ, ಸಾರ್."

ಕೊನೆಗೂ ಜೀನಸ್‌ನ ಚೀಟಿ ಬಂತು. ಅವನು ಬಂದು ಬಾಯಿ ತೆರೆದ. ಕ್ಯಾಪ್ಟನ್ ಕನ್ನಡಕ ಒರೆಸಿಕೊಂಡು ಎರಡನೆಯ ಸಲ ನೋಡಿದರು. ಮದ್ದಿನ ಪೊಟ್ಟಣ ಕೊಟ್ಟರು. ಜೀನಸ್ ಚರ್ ಎಂದು ಹರಿದ. ಸಭೆ ಚಪ್ಪಾಳೆ ತಟ್ಟಿತು, ಡಾಕ್ಟರ್ ಕ್ರೌಚ್ ಕಣ್ಣೊರೆಸಿಕೊಂಡರು.

ಆಗ ಲವೀನಾ ಎದ್ದು ನಿಂತಳು. ನಮ್ಮ ಕಡೆ ಹೆಂಗಸರಿಗೆ ಮತವೂ ಇಲ್ಲ, ಸಭೆಯಲ್ಲಿ ಮಾತೂ ಇಲ್ಲ. ಆದರೆ ಆಸ್ತಿಯ ಪಾಲಕರು ವರದಿ ಒಪ್ಪಿಸಲೇಬೇಕೆಂಬುದು ಊರಿನ ನಿಯಮ.

"ಪೀಲೆಗ್ ಮಾವ, ಹೆಣದ ಬಂಡಿ ವಿಷಯದಲ್ಲಿ ಒಂದು ನಿಯಮ ಮಾಡಿದ್ರಲ್ಲ, ಅದನ್ನ ಸ್ವಲ್ಪ ಓದಿ."

ಹಿಂದೊಮ್ಮೆ ಪಕ್ಕದ ಊರಿನವರು ನಮ್ಮ ಹೆಣದ ಬಂಡಿಯನ್ನು ಎರವಲು ಒಯ್ದು, ಒಂದು ಗಾಲಿ ಮುರಿದು ತಂದು ನಿಲ್ಲಿಸಿ ಹೋಗಿದ್ದರು. ಅಂದಿನಿಂದ ಇದ್ದ ನಿಯಮವನ್ನು ನಾನು ಓದಿದೆ: ಊರಿನ ಯಾವುದೇ ಆಸ್ತಿ ಗಡಿ ದಾಟಬೇಕಾದರೆ, ಅದು ಇದ್ದ ಸ್ಥಿತಿಯಲ್ಲೇ ಹಿಂದಿರುಗುವುದೆಂದು ಅಧ್ಯಕ್ಷರು ತಮ್ಮ ಸ್ವಂತ ಮನೆಯನ್ನು ಜಾಮೀನು ಬರೆದುಕೊಡತಕ್ಕದ್ದು.

"ಸರಿ ಡಾಕ್ಟ್ರೇ, ನಾಲ್ಕು ಹಲ್ಲು ಗಡಿ ದಾಟ್ತಾ ಇವೆ. ಹೋದ ಹಾಗೇ ವಾಪಸು ಬರ್ತವೆ ಅಂತ ಬರ್ಕೊಡಿ" ಎಂದಳು ಲವೀನಾ.

"ಅದು ಹೇಗಾಗುತ್ತಮ್ಮ? ಯುದ್ಧ ಅಂದ್ಮೇಲೆ ಏನು ಬೇಕಾದ್ರೂ ಆಗ್ಬಹುದು!"

"ನಿನ್ನೆ ಸಂಜೆ ವೇದಿಕೆ ಮೇಲೆ ಇವ್ರಿಗೆ ಏನೂ ಆಗಲ್ಲ ಅಂದ್ರಲ್ಲ?"

"ಅವನಿಗೆ ಆಗಲ್ಲ ಅಂದೆ. ಇದು ನನ್ನ ಮನೆ ವಿಚಾರ!"

  ಜೀನಸ್ ಮೊದಲ ಸಲ ಡಾಕ್ಟರ ಮುಖವನ್ನು ನೆಟ್ಟಗೆ ನೋಡಿದ. ಅಷ್ಟು ದಿನ ತೆರೆದೇ ಇದ್ದ ಅವನ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.

ನಿರ್ಣಯವನ್ನು ಅಲ್ಲೇ ರದ್ದುಮಾಡೋಣವೆಂದು ಡಾಕ್ಟರು ಸೂಚಿಸಿದರು. ರದ್ದುಮಾಡಲು ಒಂದು ವಾರ ಮೊದಲೇ ಚರ್ಚಿನ ಬಾಗಿಲಿಗೆ ನೋಟೀಸು ಅಂಟಿಸಬೇಕಾಗುತ್ತದೆಂದು ನಾನು ವಿನಯದಿಂದ ನೆನಪಿಸಿದೆ. ಕ್ಯಾಪ್ಟನ್ ಓರ್ವಿಸ್ ತಮ್ಮ ರೈಲು ಹೊರಡುವ ಹೊತ್ತಾಯಿತೆಂದು ಗೊಣಗಿ, ಲೇಖನಿ ಎತ್ತಿ, ಜೀನಸ್ ಟಟಲ್ ಎಂಬ ಹೆಸರಿನ ಮುಂದೆ ಹೀಗೆ ಬರೆದರು: "ಹಲ್ಲುಗಳಿವೆ. ಆದರೆ ಇವನವಲ್ಲ. ಆದ್ದರಿಂದ ಹಲ್ಲಿಲ್ಲದವನು. ಅಯೋಗ್ಯ."

ಲವೀನಾ ಕೂತಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅತ್ತದ್ದು ಸಂತೋಷಕ್ಕೇ ಇರಬೇಕು.

ಕ್ಯಾಪ್ಟನ್ ಡ್ರಮ್ಮಿನೊಳಗೆ ಮತ್ತೆ ಕೈ ಹಾಕಿದರು. ಅದರಲ್ಲಿದ್ದದ್ದು ಒಂದೇ ಚೀಟಿ.

"ಫಿಲ್ಯಾಂಡರ್ ಕ್ರೌಚ್. ವಯಸ್ಸು ನಲವತ್ತಮೂರು. ಎಲ್ಲಿ, ಆ ಮೀಸೆ ಸ್ವಲ್ಪ ಎತ್ತಿ."

ಮೀಸೆ ಎತ್ತಿದಾಗ ಊರಿಗೆ ಊರೇ ಬಗ್ಗಿ ನೋಡಿತು. ಮುತ್ತು ಪೋಣಿಸಿದ ಹಾಗಿತ್ತು ಹಲ್ಲಿನ ಸಾಲು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಊರಿಗೆ ಇದ್ದವರು ಅವರೊಬ್ಬರೇ ಡಾಕ್ಟರು, ತಮ್ಮ ಹಲ್ಲನ್ನು ತಾವೇ ಕಿತ್ತುಕೊಳ್ಳುವ ವಿದ್ಯೆ ಇನ್ನೂ ಯಾರೂ ಕಂಡುಹಿಡಿದಿಲ್ಲ.

"ನನ್ನ ಹಲ್ಲುಗಳನ್ನೂ ಊರಿಗೇ ಕೊಡ್ತೀನಿ!" ಎಂದರು ಡಾಕ್ಟರು ಗಂಭೀರವಾಗಿ.

"ಅದಕ್ಕೂ ಸಭೆ ಕರೀಬೇಕು, ಅಧ್ಯಕ್ಷರೇ. ನೋಟೀಸು ಅಂಟಿಸಿ ಒಂದು ವಾರ ಆಗ್ಬೇಕು" ಎಂದೆ.

ಆಗ ಜೀನಸ್ ಮುಂದೆ ಬಂದ. ಕಸುಬಿನವನಾದ್ದರಿಂದ ಮೊಳೆ ಕೀಳುವ ಇಕ್ಕಳ ಸದಾ ಸೊಂಟದಲ್ಲಿರುತ್ತಿತ್ತು. ಅದನ್ನು ತೆಗೆದು, ಅಂಗಿಗೆ ಒರೆಸಿ, ನಿಜವಾದ ಕಳಕಳಿಯಿಂದ ಹೇಳಿದ: "ಡಾಕ್ಟ್ರೇ, ಕ್ಯಾಪ್ಟನ್ ಸಾಹೇಬ್ರು ಎರಡು ನಿಮಿಷ ಕಾಯ್ತಾರೆ. ಕೂತ್ಕೊಳಿ. ನಾನೇ ಕೀಳ್ತೀನಿ. ನೋವಾಗಲ್ಲ."

ಡಾಕ್ಟರ್ ಕ್ರೌಚ್ ಇಕ್ಕಳ ನೋಡಿದರು. ಜೀನಸ್‌ನ ಮೊಣಕಾಲು ನೋಡಿದರು. ನೋವಾಗುತ್ತದೆಯೋ ಇಲ್ಲವೋ ಎಂಬುದು ಇಡೀ ಜಿಲ್ಲೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಬೇಡಪ್ಪಾ, ಬೇಡ" ಎಂದರು, ಕುಗ್ಗಿದ ದನಿಯಲ್ಲಿ. "ಯುದ್ಧಕ್ಕೇ ಹೋಗ್ತೀನಿ."

ಸ್ಟೇಷನ್ನಿನವರೆಗೂ ಬ್ಯಾಂಡು ಬಾರಿಸಿ, ಅವರದೇ ಭಾಷಣವನ್ನು ಅವರಿಗೇ ಓದಿ ಹೇಳಿ ಬೀಳ್ಕೊಟ್ಟೆವು. ನಮ್ಮವರಿಗೆ ಏನೂ ಆಗುವುದಿಲ್ಲ ಎಂಬ ಸಾಲು ಬಂದಾಗ ಅವರು ರೈಲಿನ ಆಚೆ ಬದಿಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ನೋಟೀಸು ಅಂಟಿಸಿ ಕಾದು ಕರೆದ ಮುಂದಿನ ಸಭೆಗೆ, ಆಗಷ್ಟೇ ಪ್ರಾಯಕ್ಕೆ ಬರುತ್ತಿದ್ದ ಹುಡುಗರೆಲ್ಲ ಸಾಲುಗಟ್ಟಿ ಬಂದು ತಮ್ಮ ಹಲ್ಲುಗಳನ್ನು ಊರಿಗೆ ದಾನ ಮಾಡಿದರು. ಕೀಳಿಸಿಕೊಳ್ಳುವ ರಗಳೆಯಿಲ್ಲ, ಬಾಯಿಯಲ್ಲೇ ಇಟ್ಟುಕೊಂಡು ತ್ಯಾಗ ಮಾಡಬಹುದು. ಪೌರಕರ್ತವ್ಯದಲ್ಲಿ ಇಂಥ ಉತ್ಸಾಹವನ್ನು ನಾನು ಕಂಡದ್ದೇ ಇಲ್ಲ.

ಚುನಾವಣೆಯಲ್ಲಿ ಡಾಕ್ಟರ್ ಕ್ರೌಚ್ ಹಿಂದೆಂದೂ ಇಲ್ಲದಷ್ಟು ಮತಗಳಿಂದ ಗೆದ್ದರು. ಎದುರು ಪಕ್ಷದವರೂ ಅವರಿಗೇ ಹಾಕಿದರು. ವೇದಿಕೆಯಲ್ಲಿ ಆಡಿದ ಮಾತನ್ನು ನಡೆಸಿಕೊಟ್ಟ ಅಭ್ಯರ್ಥಿಯನ್ನು ನಮ್ಮ ಜಿಲ್ಲೆ ಅದುವರೆಗೆ ಕಂಡಿರಲಿಲ್ಲ. ಅವರು ದಂಡಿನಲ್ಲಿದ್ದುದರಿಂದ ಶಾಸನಸಭೆಯಲ್ಲಿ ಅವರ ಕುರ್ಚಿ ಇಡೀ ಅಧಿವೇಶನ ಖಾಲಿಯೇ ಇತ್ತು. ಆ ಅವಧಿಯಲ್ಲಿ ನಮ್ಮ ಮೇಲೆ ಹೊಸ ತೆರಿಗೆ ಬೀಳಲಿಲ್ಲ, ನಮ್ಮೂರಿನಿಂದ ಇನ್ನೊಬ್ಬನನ್ನು ಕೊಡುತ್ತೇವೆಂದು ಅಲ್ಲಿ ಯಾರೂ ಎದ್ದು ಮಾತು ಕೊಡಲಿಲ್ಲ. ಇಷ್ಟು ಚೆನ್ನಾಗಿ ನಮ್ಮನ್ನು ಹಿಂದೆ ಯಾರೂ ಪ್ರತಿನಿಧಿಸಿರಲಿಲ್ಲವೆಂದು ಊರಸಭೆ ಒಮ್ಮತದಿಂದ ನಿರ್ಣಯಿಸಿ, ಮುಂದಿನ ಚುನಾವಣೆಗೂ ಅವರನ್ನೇ ನಿಲ್ಲಿಸುವುದೆಂದೂ, ಅಲ್ಲಿಯವರೆಗೆ ಯುದ್ಧ ಮುಗಿದುಹೋದರೆ ಅವರನ್ನು ಇನ್ನೆಲ್ಲಿಗಾದರೂ ಕಳಿಸುವುದೆಂದೂ ತೀರ್ಮಾನಿಸಿತು.